ಸೀರೆ ಉಡಿಸದೆ ಚಂಡಿಯನ್ನು ಆಡಿಸಿದ ಕ್ರಮ

ಹುಡುಗರಿಗೆ ಸೀರೆ ಉಡಿಸದೆ, ಹುಡುಗಿಯರಿಗೆ ಮೀಸೆ ಅಂಟಿಸದೆ ಪಾತ್ರ ಅದಲುಬದಲು ಮಾಡಿ ನಾಟಕ ಆಡಿಸಲಿಕ್ಕೆ ಆಗುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ಆಗುತ್ತದೆ. ನಮ್ಮ ಕಾಲೇಜು ಮಕ್ಕಳ ಉದ್ದಾಲಕ–ಚಂಡಿ ನಾಟಕ ಉಡುಪಿ ಸುತ್ತಮುತ್ತ ನಾಲ್ಕು ಪ್ರದರ್ಶನ ಆಯಿತು, ಒಂದರಲ್ಲೂ ಅಣಕದ ಶಿಳ್ಳೆ ಬೀಳಲಿಲ್ಲ. ಕಾಲೇಜು ನಾಟಕದಲ್ಲಿ ಹುಡುಗ ಹೆಣ್ಣಿನ ಪಾತ್ರ ಮಾಡಿಯೂ ಶಿಳ್ಳೆ ಬೀಳಲಿಲ್ಲ ಎಂದರೆ ಏನೆಂದು ಈ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚು 6,500 ರೂಪಾಯಿಯೊಳಗೆ ಮುಗಿಯಿತು. ಅದರ ಹಿಂದಿನ ವರ್ಷ ಇದೇ ಕತೆಗೆ 22,000ದಷ್ಟು ಸುರಿದು ಕೈ ಸುಟ್ಟುಕೊಂಡದ್ದೂ ಉಂಟು.

ಕತೆ ಲಕ್ಷ್ಮೀಶನ ಜೈಮಿನಿ ಭಾರತದ್ದು. ಅಶ್ವಮೇಧದ ಕುದುರೆಯ ಕಾಲು ಬಂಡೆಗೆ ಅಂಟಿಕೊಳ್ಳುತ್ತದೆ; ಆ ಬಂಡೆ ಯಾರೆಂದು ಅರ್ಜುನ ಕೇಳಿದರೆ ಸೌಭರಿ ಮುನಿ ಉದ್ದಾಲಕ–ಚಂಡಿಯ ಕತೆ ಹೇಳುತ್ತಾನೆ. ಗಂಡ ಹೇಳಿದ್ದಕ್ಕೆಲ್ಲ ವಿರುದ್ಧ ಮಾಡುವ ಹೆಂಡತಿ. ಬೇಕಾದ್ದರ ತಿರುಗುಮುರುಗು ಹೇಳು ಎಂದು ಮನೆಗೆ ಬಂದ ಮುನಿಯೊಬ್ಬ ಗಂಡನಿಗೆ ಉಪಾಯ ಕೊಡುತ್ತಾನೆ. ಉಪಾಯ ಫಲಿಸುತ್ತದೆ, ಶ್ರಾದ್ಧ ಸಾಂಗವಾಗಿ ನಡೆಯುತ್ತದೆ, ಕೊನೆಗೆ ಪಿಂಡದ ವಿಷಯದಲ್ಲಿ ಉದ್ದಾಲಕ ಮರೆತು ಸರಿಯಾದ್ದನ್ನೇ ಹೇಳಿಬಿಡುತ್ತಾನೆ. ಅವಳು ಕೊಳಕಿಗೆ ಎಸೆಯುತ್ತಾಳೆ, ಅವನು ಕಲ್ಲಾಗೆಂದು ಶಪಿಸುತ್ತಾನೆ; ಅರ್ಜುನನ ಕೈ ಮುಟ್ಟಿದಾಗ ಶಾಪ ಬಿಡುತ್ತದೆ. ಅದೇ ಕಾವ್ಯದ ಪ್ರಮೀಳೆಯನ್ನು ತೆಗೆದುಕೊಳ್ಳಬಹುದಿತ್ತು, ಹೆಂಗಸರ ರಾಜ್ಯ, ಅರ್ಜುನನನ್ನೇ ಎದುರು ಹಾಕಿಕೊಂಡವಳು. ಆದರೆ ಅಲ್ಲಿ ರಥ, ಬಿಲ್ಲು, ಕತ್ತಿ. ಮಕ್ಕಳ ಕೈಗೆ ಕತ್ತಿ ಕೊಟ್ಟರೆ ಅವರು ಕತ್ತಿಯನ್ನೇ ಆಡಿಸುತ್ತಾರೆ, ಅಧಿಕಾರವನ್ನು ಅಲ್ಲ. ನಮ್ಮ ಕಡೆ ಕಾಲೇಜು ಡೇಗಳಲ್ಲಿ ಉಳ್ಳಾಲದ ಅಬ್ಬಕ್ಕ ರಾಣಿಗೆ ಆಗಿರುವ ಗತಿ ನೋಡಿದರೆ ಸಾಕು: ಹತ್ತು ನಿಮಿಷ ಕತ್ತಿ ಬೀಸುತ್ತಾಳೆ, ಒಂದು ತೀರ್ಮಾನ ತೆಗೆದುಕೊಳ್ಳುವುದಿಲ್ಲ. ಚಂಡಿಯದ್ದು ಮನೆಯೊಳಗಿನ ಕತೆ. ಒಂದು ಜಗಲಿ, ಒಂದು ಅಡುಗೆಮನೆ, ಇಬ್ಬರು.

ಮೊದಲ ವರ್ಷದ ಲೆಕ್ಕ ನೆನಪಿನ ಮೇಲೆ ಹೇಳುವುದಾದರೆ ಹೀಗೆ. ಸೀರೆ, ರವಿಕೆ, ಚೌರಿ, ಗಡ್ಡ ಬಾಡಿಗೆಗೆ 4,800. ಬಣ್ಣದವರಿಗೆ 4,000. ಲೈಟು, ಸೌಂಡು 8,000. ಆಶ್ರಮದ ಸೆಟ್ಟಿಗೆ ಪ್ಲೈವುಡ್, ಬಟ್ಟೆ, ಪೇಂಟು 3,500. ಉಳಿದದ್ದು ಕಾಫಿ ತಿಂಡಿ. ಚಂಡಿಯಾಗಿ ಹುಡುಗ ಒಳಗೆ ಬಂದ ಕೂಡಲೇ ಸಭೆ ನಕ್ಕಿತು, ಮತ್ತೆ ನಲವತ್ತು ನಿಮಿಷ ಆ ನಗು ಇಳಿಯಲೇ ಇಲ್ಲ. ಶಾಪದ ಜಾಗದಲ್ಲಿ ಚಪ್ಪಾಳೆ ಬಿತ್ತು. ಉದ್ದಾಲಕ ಮಾಡಿದ ಹುಡುಗಿ ಮೀಸೆ ತಿರುವಿದ್ದೇ ತಿರುವಿದ್ದು. ಗಂಡು-ಹೆಣ್ಣಿನ ಬಗ್ಗೆ ಯೋಚಿಸಲಿ ಎಂದು ಹಾಕಿದ ನಾಟಕ, ಎರಡು ಕಡೆಯಿಂದಲೂ ಅಣಕವಾಗಿ ಮುಗಿಯಿತು.

ಗಂಡಸು ಹೆಣ್ಣು ವೇಷ ಹಾಕಿದರೆ ಜನ ನಗುತ್ತಾರೆ ಎಂಬ ಮಾತನ್ನು ಕರಾವಳಿಯಲ್ಲಿ ಒಪ್ಪಲಿಕ್ಕೆ ಆಗುವುದಿಲ್ಲ. ಇಲ್ಲಿಯ ಯಕ್ಷಗಾನ ಮೇಳಗಳಲ್ಲಿ ಸ್ತ್ರೀವೇಷ ಬಹುಮಟ್ಟಿಗೆ ಗಂಡಸರದ್ದೇ; ದಮಯಂತಿಯ ದುಃಖಕ್ಕೆ ಬೆಳಗಿನ ಜಾವ ಕಣ್ಣೊರೆಸಿಕೊಂಡ ಪ್ರೇಕ್ಷಕರೇ ನಮ್ಮ ಮಕ್ಕಳ ಅಜ್ಜ ಅಜ್ಜಿ. ನಗು ಬರುವುದು ಅರೆಬರೆ ವೇಷಕ್ಕೆ. ಸ್ತ್ರೀವೇಷ ಎಂದರೆ ವರ್ಷಗಟ್ಟಲೆಯ ಅಭ್ಯಾಸ, ಹತ್ತು ವಾರದಲ್ಲಿ ಬರುವ ವಿದ್ಯೆ ಅಲ್ಲ. ಅಭ್ಯಾಸ ಇಲ್ಲದ ಹುಡುಗ ಆ ತೂತನ್ನು ಸೊಂಟ, ಮಣಿಕಟ್ಟು, ಕೀರಲು ಧ್ವನಿಯಿಂದ ತುಂಬುತ್ತಾನೆ. ಹುಡುಗಿ ಗಂಡಾಗುವಾಗ ಬೊಬ್ಬೆಯಿಂದ ತುಂಬುತ್ತಾಳೆ. ರೋಗ ಒಂದೇ.

ಮದ್ದು ಸಿಕ್ಕಿದ್ದು ತಾಳಮದ್ದಳೆಯಲ್ಲಿ, ಯಕ್ಷಗಾನವನ್ನೇ ಕುಳಿತು ಮಾತಿನಲ್ಲಿ ಆಡುವ ರೂಪ ಅದು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ, ಶಾಲು ಹಾಕಿ ಕುಳಿತ ಗಂಡಸು ದ್ರೌಪದಿಯ ಅರ್ಥ ಹೇಳಿದರೆ, ಎಂದರೆ ಪದ್ಯದ ಮೇಲೆ ಅವಳ ಮಾತನ್ನು ತಾನೇ ಕಟ್ಟಿ ಆಡಿದರೆ, ಯಾರೂ ನಗುವುದಿಲ್ಲ. ಪದ್ಯ ಮುಗಿದ ಕೂಡಲೇ ಎಲ್ಲರೂ ವಾದಕ್ಕೆ ಕಿವಿ ಕೊಡುತ್ತಾರೆ. ಹೆಂಗಸರ ತಾಳಮದ್ದಳೆ ತಂಡಗಳೂ ಇವೆ, ಭೀಮ, ರಾವಣರಿಗೆ ಅವರು ಅರ್ಥ ಹೇಳುವಾಗಲೂ ಹಾಗೆಯೇ. ಎರಡನೇ ವರ್ಷ ನಾಟಕ ಎಂಬ ಶಬ್ದವನ್ನೇ ಎತ್ತದೆ, ಮೊದಲ ಮೂರು ವಾರ ಮಕ್ಕಳನ್ನು ಚಾಪೆಯಲ್ಲಿ ಎದುರುಬದುರು ಕೂರಿಸಿ ಬರೀ ಅರ್ಥ ಹೇಳಿಸಿದೆವು. 22 ಮಂದಿ, 13 ಹುಡುಗಿಯರು, 9 ಹುಡುಗರು. ಪದ್ಯ ಐದೇ ಐದು, ಹಿಮ್ಮೇಳ ಮಕ್ಕಳದ್ದೇ. ಇದನ್ನು ನೋಡಿದ ಒಬ್ಬರು ಸ್ಪರ್ಧೆಯ ತೀರ್ಪುಗಾರರು, ಇದು ನಾಟಕ ಅಲ್ಲ, ಕುಳಿತುಕೊಂಡ ಜನ ಎಂದರು. ಅವರಿಗೆ ಬಹುಮಾನ ಕೊಡಲಿಕ್ಕೆ ಮನಸ್ಸಾಗಲಿಲ್ಲ, ಇರಲಿ.

ಚರ್ಚೆ ಮಾಡಿಸಬೇಡಿ. ಮೊದಲ ವರ್ಷ ನಾಲ್ಕು ಸಂಜೆ ಚರ್ಚೆಗೆ ಹೋಯಿತು. ಬಂದದ್ದೆಲ್ಲ ಪ್ರಬಂಧದ ಮಾತು, ಸಮಾನತೆ, ಗೌರವ, ಎರಡು ಕಣ್ಣುಗಳು. ಆಡಿದ ಮೇಲೆ ಅವರೇ ಮಾತಾಡುತ್ತಾರೆ, ಆಗ ನಿಲ್ಲಿಸಲಿಕ್ಕೆ ಕಷ್ಟ.

ಪಾತ್ರ ಅದಲುಬದಲಾದಾಗ ಮೂರೇ ಮೂರು ಸಂಗತಿ ಬದಲಾಗಬಹುದು ಎಂದು ಕಟ್ಟುನಿಟ್ಟು ಮಾಡಿದೆವು: ಕೂರುವ ಎತ್ತರ, ಕೈಯ ಕೆಲಸ, ಮಾತಿನ ಏಕವಚನ–ಬಹುವಚನ. ಧ್ವನಿ ಮುಟ್ಟುವ ಹಾಗಿಲ್ಲ. ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿ, ಪ್ರತಿಯೊಬ್ಬರ ಮಾಮೂಲಿ ಮಾತು ಯಾವ ಸ್ವರದ ಹತ್ತಿರ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡು, ರಿಹರ್ಸಲ್ ಉದ್ದಕ್ಕೂ ಸಣ್ಣಕ್ಕೆ ಅದನ್ನೇ ಇಟ್ಟೆವು. ಹೆಣ್ಣಿನ ಪಾತ್ರ ಬಂದ ಹುಡುಗ ಧ್ವನಿ ಏರಿಸಿದರೆ ಅವನ ಕಿವಿಗೇ ತಿಳಿಯುತ್ತದೆ. ಎರಡನೇ ವಾರದ ಹೊತ್ತಿಗೆ ಕೀರಲು ನಿಂತಿತು.

ಎತ್ತರ ಮೂರು: ಚಾಪೆ, ಮಣೆ, ಕುರ್ಚಿ. ಕುರ್ಚಿಯಲ್ಲಿ ಕುಳಿತವರು ದೃಶ್ಯ ಮುಗಿಯುವವರೆಗೆ ಏಳಬಾರದು, ಏನು ಬೇಕಾದರೂ ಕೇಳಿಯೇ ತರಿಸಿಕೊಳ್ಳಬೇಕು. ಉದ್ದಾಲಕನಾದ ಹುಡುಗಿಯರ ಬೊಬ್ಬೆ ಇಳಿದದ್ದು ಇದರಿಂದ. ಏಳಲಿಕ್ಕಿಲ್ಲ ಎಂದಾದ ಮೇಲೆ ಕೂಗುವ ಅಗತ್ಯವೇ ಇಲ್ಲ ಎಂದು ಅವರಿಗೆ ಮೂರನೇ ದಿನಕ್ಕೆ ಹೊಳೆಯಿತು. ಒಬ್ಬಳು ಖಾಲಿ ಲೋಟವನ್ನು ನೋಡಿ, ಏನೂ ಹೇಳದೆ, ಎರಡು ಬೆರಳಿನಿಂದ ಅರ್ಧ ಇಂಚು ಮುಂದೆ ತಳ್ಳಿದಳು ಅಷ್ಟೆ. ಎದುರು ಕುಳಿತ ಹುಡುಗ ನೀರು ತರಲಿಕ್ಕೆ ಎದ್ದಾಗಿತ್ತು. ಮನೆಯಲ್ಲಿ ದಿನಾ ನೋಡಿದ್ದು, ಹೇಳಿಕೊಟ್ಟದ್ದಲ್ಲ.

ವೇಷದ ಬದಲು ಬೈರಾಸ್, ಹೆಗಲಿಗೆ ಹಾಕುವ ಟವೆಲು. ಕೆಂಪು ಗೆರೆಯ ಮಾಮೂಲಿ ಬೈರಾಸ್, 24, ಒಂದಕ್ಕೆ 110ರ ಹಾಗೆ. ಎಲ್ಲರಿಗೂ ಅದೇ. ಹೆಗಲಲ್ಲಿದ್ದರೆ ಉದ್ದಾಲಕ, ಸೊಂಟಕ್ಕೆ ಸಿಕ್ಕಿಸಿದರೆ ಚಂಡಿ, ಮಡಿಚಿ ತೊಡೆಯ ಮೇಲಿದ್ದರೆ ಅತಿಥಿ, ತಲೆಯಿಂದ ಮುಖ ಮುಚ್ಚಿದರೆ ಕಲ್ಲು. ಹೊಸ ಬೈರಾಸಿನಲ್ಲಿ ಗಂಜಿ ಇರುತ್ತದೆ, ಸೊಂಟದಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಮೂರು ನಾಲ್ಕು ಸಲ ಒಗೆದೇ ತರಬೇಕು. ಅದೇ ಬಟ್ಟೆ ಹೆಗಲಿನಿಂದ ಸೊಂಟಕ್ಕೆ ಇಳಿಯುವುದು ಪ್ರೇಕ್ಷಕರ ಕಣ್ಣೆದುರೇ ಆಗಬೇಕು, ಪರದೆಯ ಹಿಂದೆ ಅಲ್ಲ.

ಇನ್ನು ಹೆರೆಮಣೆ, ಎಂದರೆ ತೆಂಗಿನಕಾಯಿ ತುರಿಯುವ ಮಣೆ. ನಾಟಕದಲ್ಲಿ ಹೆಂಗಸರಿಗೆ ಕೊಡುವ ಕೆಲಸ ಸಾಮಾನ್ಯವಾಗಿ ಸುಳ್ಳು ಕೆಲಸ, ಖಾಲಿ ಮೊರ ಕೇರುವುದು, ಇಲ್ಲದ ರಂಗೋಲಿ ಹಾಕುವುದು. ಕೈ ತಿರುಗುತ್ತದೆ, ಕಣ್ಣು ಸಭೆಯ ಮೇಲೆ. ಹೆರೆಮಣೆಯಲ್ಲಿ ಆ ಮೋಸ ನಡೆಯುವುದಿಲ್ಲ. ಕಣ್ಣು ತೆಗೆದರೆ ಕೈ ಕೊಯ್ಯುತ್ತದೆ. ಚಂಡಿ ಮಾಡುವವರು ನಿಜವಾದ ಕಾಯಿ ನಿಜವಾಗಿ ಹೆರೆಯಬೇಕು. ಅಭ್ಯಾಸ ಇದ್ದವರಿಗೆ ಒಂದು ಕಡಿ, ಎಂದರೆ ಅರ್ಧ ಕಾಯಿ, ಮೂರು ನಿಮಿಷ, ನಮ್ಮ ಹುಡುಗರಿಗೆ ಮೊದಲು ಎಂಟು ಹತ್ತು. ಹುಡುಗಿಯರಲ್ಲೂ ಐದಾರು ಮಂದಿಗೆ ಗೊತ್ತಿರಲಿಲ್ಲ, ಮನೆಯಲ್ಲಿ ಮಿಕ್ಸಿ. ಹೆರೆಯುತ್ತಾ ಮಾತಾಡುವವನಿಗೆ ಎದುರಿನವನ ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ನೋಡಬೇಕಾದರೆ ಕೈ ನಿಲ್ಲಿಸಬೇಕು, ಕೈ ನಿಂತ ಕೂಡಲೇ ಕುರ್ಚಿಯಿಂದ ಪ್ರಶ್ನೆ: ಏನಾಯಿತು? ಅಧಿಕಾರದ ಪಾಠ ಅಷ್ಟರಲ್ಲೇ ಮುಗಿಯಿತು, ಮಾರಾಯ್ರೆ.

ಕುರ್ಚಿಗೂ ಹೆರೆಮಣೆಗೂ ಮೊದಲು ಏಳು ಅಡಿ ಇಟ್ಟಿದ್ದೆವು. ದೂರ ಹೆಚ್ಚಾಗಿ ಇಬ್ಬರೂ ಸಭೆಗೆ ಭಾಷಣ ಕೊಟ್ಟ ಹಾಗೆ ಕಂಡಿತು. ಮೂರು ಅಡಿಗೆ ತಂದರೆ ಜಗಳದ ಹಾಗೆ. ನಾಲ್ಕೂವರೆ ಸರಿಯಾಯಿತು. ಹೆರೆಮಣೆಯ ಹಲ್ಲಿನ ಮೊನೆ ಸಭೆಗೆ ಓರೆಯಾಗಿ ಇರಲಿ, ನೇರ ಇಟ್ಟರೆ ಕೈ ಕಾಣುವುದಿಲ್ಲ, ಮುಖ ಮಾತ್ರ. ಮೂರು ಬೆರಳು ಕೊಯ್ದುಕೊಂಡವು, ಮೂರೂ ಒಂದೇ ವಾರದಲ್ಲಿ, ಮೂರೂ ಕಡಿಯ ಅಂಚಿಗೆ ಬಂದಾಗ. ಆಮೇಲೆ ಅಂಚು ಬಿಟ್ಟು ಒಳಗೆ ಮಾತ್ರ ಹೆರೆಯಲಿಕ್ಕೆ ಹೇಳಿದೆವು. ಹೆರೆದ ಕಾಯಿ ಹಾಸ್ಟೆಲ್ ಅಡುಗೆಮನೆಗೆ, ಅಲ್ಲಿಂದ ನಮಗೆ ಸಂಜೆಯ ಅವಲಕ್ಕಿ.

ಲೆಕ್ಕ ಹಾಕುವ ಕೆಲಸಕ್ಕೆ ಇಬ್ಬರನ್ನು ಕೂರಿಸಿ. ನಾಟಕದ ಪಾಠದ ಪ್ರತಿಯಲ್ಲಿ ಯಾರು ಯಾರಿಗೆ ಬಾ, ಕೊಡು, ತೆಗೆ ಎಂದರು, ಯಾರು ಬನ್ನಿ, ಕೊಡಿ ಎಂದರು, ಎಣಿಸುವುದು. ನಮ್ಮ ಮೊದಲ ಕರಡಿನಲ್ಲಿ ಉದ್ದಾಲಕನ ಬಾಯಲ್ಲಿ ಅರುವತ್ತು ಚಿಲ್ಲರೆ ಅಪ್ಪಣೆ, ಚಂಡಿಯದ್ದು ಹದಿನಾಲ್ಕೋ ಹದಿನೈದೋ. ಅವನು ನೀನು, ಅವಳು ನೀವು. ಒಂದು ಸಂಜೆ ಇದನ್ನು ತಿರುಗಿಸಿ, ಉದ್ದಾಲಕ ಬಹುವಚನ, ಚಂಡಿ ಏಕವಚನ ಎಂದು ಮಾಡಿದೆವು, ಬೇರೆ ಒಂದಕ್ಷರ ಮುಟ್ಟಲಿಲ್ಲ. ತುಳುವಿನಲ್ಲಿ ಮಾಡಿಸಿದಾಗ ಇನ್ನೂ ಬಿಸಿ ತಟ್ಟಿತು. ಈರ್ (ನೀವು) ಎನ್ನಬೇಕಾದಲ್ಲಿ ಈ (ನೀನು), ಬಲೆ (ಬನ್ನಿ) ಎನ್ನಬೇಕಾದಲ್ಲಿ ಬಲ (ಬಾ). ಕನ್ನಡದಲ್ಲಿ ಸಲೀಸಾಗಿ ಹೇಳಿದ ಹುಡುಗಿಗೆ ತುಳುವಿನಲ್ಲಿ ನಾಲಗೆ ಏಳಲಿಲ್ಲ. ಮನೆಮಾತಲ್ಲಿ ಹೇಳಿದರೆ ಮನೆಯವರಿಗೇ ಹೇಳಿದ ಹಾಗೆ. ಕನ್ನಡ ಶಾಲೆಯ ಭಾಷೆ, ಅದರಲ್ಲಿ ಏನು ಬೇಕಾದರೂ ಹೇಳಬಹುದು. ದ್ವಿಭಾಷಾ ಮಕ್ಕಳ ತಂಡ ಇದ್ದವರು ಇದನ್ನು ಬಿಡಬೇಡಿ.

ಈ ಎಣಿಕೆಯಿಂದಲೇ ನಾಟಕದ ಗಂಟು ಬಿಚ್ಚಿತು. ತಾಳಮದ್ದಳೆಯಲ್ಲಿ ಚಂಡಿಯ ಅರ್ಥಕ್ಕೆ ಕುಳಿತ ಹುಡುಗ, ಮೊದಲು ನೀನೇ ಶುರು ಮಾಡು ಎಂದಾಗ ತಬ್ಬಿಬ್ಬಾದ. ಪಾಠವನ್ನು ಮೇಲೆ ಕೆಳಗೆ ಮಾಡಿ, ಇವಳಿಗೆ ಶುರು ಮಾಡುವ ಮಾತೇ ಇಲ್ಲವಲ್ಲ ಎಂದ. ಹೌದು. ಚಂಡಿಯ ಪ್ರತಿ ಮಾತೂ ಉದ್ದಾಲಕನ ಮಾತಿನ ಮಗುಚಿದ ರೂಪ. ಅವನು ಬೆಳಿಗ್ಗೆ ಎಂದರೆ ಇವಳು ಸಂಜೆ, ಅವನು ಇಬ್ಬರನ್ನು ಕರೆ ಎಂದರೆ ಇವಳು ಹತ್ತು ಮಂದಿಯನ್ನು. ಕೇಳಲಿಕ್ಕೆ ಭಾರೀ ಗಟ್ಟಿಗಿತ್ತಿ. ಆದರೆ ಅವನು ಬಾಯಿ ಮುಚ್ಚಿದರೆ ಇವಳಿಗೆ ಮಾತೇ ಇಲ್ಲ. ಅದಕ್ಕೇ ಉಪಾಯ ಅಷ್ಟು ಸುಲಭದಲ್ಲಿ ಫಲಿಸುವುದು. ಅವಳ ಹಟವೇ ಅವನ ಕೈಯ ಹಗ್ಗ. ನಮ್ಮ ಬಳಗದಲ್ಲಿ ಚಂಡಿಯನ್ನು ಬಂಡಾಯದ ಹೆಣ್ಣು ಎಂದು ಆಡಿಸುವವರು ಇಲ್ಲಿ ಎಡವುತ್ತಾರೆ, ನಾವೂ ಮೊದಲ ವರ್ಷ ಎಡವಿದ್ದು ಇಲ್ಲೇ.

ಇದಾದ ಮೇಲೆ ಪ್ರತಿ ದೃಶ್ಯದಲ್ಲಿ ಚಂಡಿ ತಾನಾಗಿ ಮೂರು ಮಾತು ಎತ್ತಬೇಕು ಎಂದು ನಿಯಮ ಹಾಕಿದೆವು. ಹಾಕಿದ ಕೂಡಲೇ ಉದ್ದಾಲಕನ ಉಪಾಯ ಕುಂಟಿತು. ತಿರುಗುಮುರುಗು ಹೇಳಬೇಕಾದರೆ ಅವನೇ ಮೊದಲು ಹೇಳಬೇಕಲ್ಲ. ಶ್ರಾದ್ಧದ ದೃಶ್ಯದಲ್ಲಿ, ಪಿಂಡ ಕೈಯಲ್ಲಿದ್ದಾಗ, ಚಂಡಿ ಕೇಳುತ್ತಾಳೆ: ನಿಮಗೆ ನಿಜವಾಗಿ ಬೇಕಾದ್ದು ಯಾವುದು? ಇಷ್ಟು ದಿನ ಉಲ್ಟಾ ಹೇಳಿ ಹೇಳಿ ಉದ್ದಾಲಕನಿಗೆ ನೇರ ಹೇಳುವುದೇ ಮರೆತುಹೋಗಿದೆ. ಇಪ್ಪತ್ತು ಸೆಕೆಂಡು ಮೌನ, ಎಣಿಸಿಯೇ ಹಿಡಿಯಬೇಕು; ಮಕ್ಕಳು ಎಂಟಕ್ಕೇ ಓಡುತ್ತಾರೆ. ಆಮೇಲೆ ಉತ್ತರದ ಬದಲು ಶಾಪ.

ಪಿಂಡ ಏನಿಂದ ಮಾಡಬೇಕು ಎಂಬುದೂ ಒಂದು ತಲೆನೋವು. ಅನ್ನದ್ದು ಬೇಡ, ಅಪಶಕುನ ಎಂದು ಎರಡು ಮನೆಯವರು ಹೇಳಿದರು, ಅವರ ಮಾತು ತೆಗೆದುಹಾಕುವ ಹಾಗಿರಲಿಲ್ಲ. ನೆನೆಸಿದ ಪೇಪರಿನ ಉಂಡೆ ಮಾಡಿದೆವು, ಟೆನಿಸ್ ಚೆಂಡಿನ ಹಾಗೆ ಕಂಡಿತು. ಕೊನೆಗೆ ಖಾಲಿ ಬಾಳೆ ಎಲೆ, ಅಷ್ಟೆ. ಎಲೆ ಸ್ವಲ್ಪ ಬಾಡಿದ್ದು ಬೇಕು, ಹಸಿ ಎಲೆ ಹಿಡಿದಾಗ ಹರಿದು ಶಬ್ದ ಮಾಡುತ್ತದೆ.

ಪಾತ್ರ ಚೀಟಿಯಲ್ಲಿ. ಪ್ರದರ್ಶನದ ದಿನವೂ, ಸಭೆಯೆದುರು. ಅಂದರೆ 22 ಮಂದಿಗೂ ಎರಡೂ ಪಾತ್ರ ಬಾಯಿಪಾಠ ಬೇಕು. ಇದು ಹುಚ್ಚು ಎಂದವರೇ ಹೆಚ್ಚು. 45 ನಿಮಿಷದ ನಾಟಕ, ಮೂರು ವಾರ ಅರ್ಥ ಹೇಳಿದ ಮೇಲೆ ಬಾಯಿಪಾಠದ ಪ್ರಶ್ನೆಯೇ ಬರಲಿಲ್ಲ. ಚೀಟಿ ಎತ್ತಿಸುವುದರಲ್ಲಿ ಸಣ್ಣ ಕೈಚಳಕ ಉಂಟು, ಯಾವತ್ತೂ ಕುರ್ಚಿಯೇ ಬರುವ ಅದೃಷ್ಟವಂತರಿಗೆ ಹೆರೆಮಣೆ ಬರುವ ಹಾಗೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಮಕ್ಕಳೂ ಓದುತ್ತಾರೆ. ಸ್ತ್ರೀವೇಷದಲ್ಲಿ ಹೆಸರು ಮಾಡಿ ನಿವೃತ್ತರಾದ ಕಲಾವಿದರೊಬ್ಬರು ಮೂರು ಸಂಜೆ ಬಂದು ಏಳುವ, ಕೂರುವ ಕ್ರಮ ತಿದ್ದಿದರು. ಕುರ್ಚಿಯವರಿಗೂ ಮಣೆಯವರಿಗೂ ಒಂದೇ ಕ್ರಮ. ಅವರು ಹೇಳಿಕೊಟ್ಟ ಉಸಿರಿನ ಗುಟ್ಟು ಅವರದ್ದು, ನಾನು ಹಂಚುವ ಹಾಗಿಲ್ಲ.

ನಡುವೆ ಒಂದು ಅಡ್ಡದಾರಿ ಹಿಡಿದೆವು. ನಮ್ಮಲ್ಲಿ ಅಳಿಯಸಂತಾನ, ಎಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಕ್ರಮ, ಇತ್ತಲ್ಲ, ಹೆಂಗಸರಿಗೆ ಮೊದಲೇ ಅಧಿಕಾರ ಇತ್ತು ಎಂದು ಹುಡುಗರು ವಾದಕ್ಕೆ ಇಳಿದರು. ಸರಿ, ಆಡಿ ನೋಡಿ ಎಂದು ಪಾಲುಪಟ್ಟಿಯ ದೃಶ್ಯ ಕೊಟ್ಟೆವು. ಕುಟುಂಬ ಹೆಣ್ಣಿನಿಂದ ಎಣಿಸುವುದು, ಹಿರಿಯ ಹೆಂಗಸು ಯಜಮಾನ್ತಿಯೂ ಆಗಬಹುದು. ಕವರುಗಳಿಗೆ (ಕುಟುಂಬದ ತಾಯಿ ಕಡೆಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟದ್ದು 1949ರ ಮದ್ರಾಸು ಕಾಯಿದೆ. ಅದಕ್ಕೆ ಮೊದಲು ಎಲ್ಲರೂ ಒಪ್ಪಿದರೆ ಮಾತ್ರ. ನಾವು ಅದಕ್ಕೆ ಹಿಂದಿನ ಕಾಲ ಇಟ್ಟು, ರಂಗದಲ್ಲಿ ಎರಡೇ ವಸ್ತು ಇಟ್ಟೆವು, ಒಂದು ಕೀಲಿಕೈ, ಒಂದು ವಂಶಾವಳಿಯ ಕಾಗದ. ಆರು ಸಲ ಆಡಿದರು. ಕಾಗದ ಹೆಂಗಸರ ಕೈಯಲ್ಲಿ, ಕೀಲಿಕೈ ಪ್ರತಿ ಸಲವೂ ಸೋದರಮಾವನ ಕೈಗೆ ಹೋಗಿ ಸೇರಿತು. ಯಾರೂ ಹೇಳಿರಲಿಲ್ಲ. ಏಳನೇ ಸಲ ಕೀಲಿಕೈಯನ್ನು ಬೈರಾಸಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದಾಗ ಮಾತ್ರ ದಿಕ್ಕು ಬದಲಾಯಿತು. ಇದು ಚಂಡಿಗೆ ಸೇರಲಿಲ್ಲ, ಬೇರೆಯೇ ನಾಟಕ ಬೇಕು. ತುಳು ಜನಪದ ಕಾವ್ಯದ ಸಿರಿಯನ್ನು ಮಾಡೋಣ ಎಂದೂ ಇಬ್ಬರು ಕೇಳಿದರು. ಗಂಡ ಕಾಂತು ಪೂಂಜನನ್ನು ಬಿಟ್ಟು ಹೊರಟವಳ ಕತೆ ಯಾರಿಗೆ ಬೇಡ. ಆದರೆ ಸಿರಿ ಜಾತ್ರೆಗೆ ಹೋಗುವ ಮನೆಯ ಮಕ್ಕಳು ತಂಡದಲ್ಲಿದ್ದರು. ನಂಬುವವರ ಎದುರು ಅದನ್ನು ಅಭ್ಯಾಸದ ಸಾಮಾನು ಮಾಡುವುದು ಸರಿಯಲ್ಲ ಎಂದು ಕೈಬಿಟ್ಟೆವು.

ಸಮಯ ಜೂನ್ ಕೊನೆಯಿಂದ ಹತ್ತು ವಾರ, ಸಂಜೆ 3:45ರಿಂದ 5:15. ಮಳೆಗೆ ಜಿಲ್ಲಾಧಿಕಾರಿಗಳು ಕೊಟ್ಟ ರಜೆಯಲ್ಲಿ ಐದಾರು ರಿಹರ್ಸಲ್ ಹೋಯಿತು. ಶೀಟಿನ ಮಾಡಿನ ಕೆಳಗೆ ಜೋರು ಮಳೆ ಬಂದರೆ ಮಾತು ಕೇಳುವುದಿಲ್ಲ, ಆ ಹೊತ್ತಿಗೆ ಮಾತಿಲ್ಲದ ಭಾಗ ಇಟ್ಟುಕೊಳ್ಳಿ. ನಮ್ಮ ಲೋಟದ ಆಟ ಹುಟ್ಟಿದ್ದು ಹಾಗೆ. 5:15 ಎಂದರೆ 5:15. ಹುಡುಗಿಯರ ಬಸ್ಸು ತಪ್ಪಿದರೆ ಮಾರನೇ ದಿನ ಮನೆಯಿಂದ ಫೋನು, ಅದರ ಮಾರನೇ ದಿನ ಅವಳು ಇಲ್ಲ. ಹುಡುಗರು ಆಮೇಲೂ ಗ್ರೌಂಡಿನಲ್ಲಿ ಇರುತ್ತಿದ್ದರು. ಎಣಿಸುವವರು ಇದನ್ನೂ ಪಟ್ಟಿಗೆ ಸೇರಿಸಿದರು, ನಾವು ಬೇಡ ಎನ್ನಲಿಲ್ಲ.

ಎರಡನೇ ವರ್ಷದ ಲೆಕ್ಕ: ಬೈರಾಸ್ 2,640, ಕಾಯಿ ನಲವತ್ತರಷ್ಟು, ಒಂದಕ್ಕೆ 40ರಂತೆ 1,600, ಕಲಾವಿದರ ಓಡಾಟಕ್ಕೆ 1,500, ಜೆರಾಕ್ಸು 500ರ ಆಸುಪಾಸು. ಹೆರೆಮಣೆ ಎರಡು, ಚಾಪೆ, ಕುರ್ಚಿ ಎಲ್ಲ ಕೇಳಿ ತಂದದ್ದು. ಲೈಟು ಸಭಾಂಗಣದ ಟ್ಯೂಬ್‌ಲೈಟೇ. ಮೈಕು ಹೆರೆಮಣೆಯ ಹತ್ತಿರ ನೆಲಕ್ಕೆ ಒಂದು, ಸಾಕು.

ನಾಟಕ ಕಲ್ಲಿನ ಹತ್ತಿರ ನಿಲ್ಲುತ್ತದೆ. ಅರ್ಜುನನ ಕೈ ಮುಟ್ಟುವುದಕ್ಕೆ ಗೇಣು ದೂರ. ಅಲ್ಲಿಂದ ಹದಿನೈದು ನಿಮಿಷ ಸಭೆಯವರದ್ದು. ಬ್ರೆಜಿಲಿನ ರಂಗಕರ್ಮಿ ಬೊವಾಲ್ ಮಾದರಿ, ಸಭೆಯವರೇ ಬಂದು ಪಾತ್ರದ ಜಾಗದಲ್ಲಿ ನಿಂತು ದೃಶ್ಯ ಬದಲಿಸುವುದು, ಆದರೆ ಶ್ರಾದ್ಧದ ಹಿಂದಿನ ದಿನದ ದೃಶ್ಯ ಒಂದನ್ನೇ ತೆರೆದೆವು, ಬದಲಿಸುವುದಾದರೆ ಚಂಡಿಯ ಜಾಗ ಮಾತ್ರ. ನಾಲ್ಕು ಕಡೆಯಿಂದ ಸುಮಾರು ಮೂವತ್ತು ಮಂದಿ ಬಂದು ಕುಳಿತರು, ಹೆಚ್ಚಿನವರು ತಾಯಂದಿರು. ಗಂಡಸರು ಬಂದಾಗ ಮಾತು ಬದಲಿಸಿದರು, ಒಳ್ಳೊಳ್ಳೆಯ ವಾದ ಹೂಡಿದರು. ಹೆಂಗಸರು ಮಾತು ಅಷ್ಟಾಗಿ ಬದಲಿಸಲಿಲ್ಲ, ಹೆಚ್ಚಿನವರು ಮಾಡಿದ್ದು ಒಂದೇ, ಹೆರೆಮಣೆಯಿಂದ ಎದ್ದು ನಿಂತರು.

ಮೂರನೇ ಪ್ರದರ್ಶನದಲ್ಲಿ ಬಂದ ಒಬ್ಬರು ಏಳಲೂ ಇಲ್ಲ, ವಾದಿಸಲೂ ಇಲ್ಲ. ಸೆರಗು ಸಿಕ್ಕಿಸಿ ಕುಳಿತು ಕಾಯಿ ಹೆರೆಯಲಿಕ್ಕೆ ಶುರು ಮಾಡಿದರು. ನಾಳೆ ಶ್ರಾದ್ಧ ಮಾಡುವುದಿಲ್ಲ ಎಂದು ಉದ್ದಾಲಕ ಹೇಳಿದಾಗ, ಹ್ಞೂಂ. ಯಾರನ್ನೂ ಕರೆಯಬೇಡ, ಹ್ಞೂಂ. ಒಳ್ಳೆಯ ಅಡುಗೆ ಬೇಡ, ಹ್ಞೂಂ. ಒಪ್ಪಿದ್ದೋ ಬಿಟ್ಟದ್ದೋ ಆ ಹ್ಞೂಂಕಾರದಲ್ಲಿ ತಿಳಿಯುವ ಹಾಗಿರಲಿಲ್ಲ. ಕುರ್ಚಿಯಲ್ಲಿದ್ದ ಹುಡುಗಿಗೆ ಮುಂದೆ ಉಲ್ಟಾ ಹೇಳಬೇಕೋ ನೇರ ಹೇಳಬೇಕೋ ಗೊತ್ತಾಗದೆ ನಮ್ಮ ಕಡೆ ನೋಡಿದಳು. ಹತ್ತು ವಾರ ಕುಳಿತು ಬರೆದ ನಮ್ಮ ಪ್ರಶ್ನೆಗಿಂತ ಅದು ಚೆನ್ನಾಗಿತ್ತು. ನಾಲ್ಕನೇ ಪ್ರದರ್ಶನಕ್ಕೆ ಅದನ್ನೇ ದೃಶ್ಯಕ್ಕೆ ಸೇರಿಸಿದೆವು, ಮೂರು ಹ್ಞೂಂ, ಮೂರೂ ಒಂದೇ ಶ್ರುತಿಯಲ್ಲಿ. ಮೂರನೆಯದು ಬರುವ ಹೊತ್ತಿಗೆ ಕಾಯಿ ಅರ್ಧಕ್ಕಿಂತ ಹೆಚ್ಚು ಹೆರೆದಿರಬಾರದು. ಗೆರಟೆಗೆ ಹಲ್ಲು ತಾಗಿದರೆ ಶಬ್ದ ಬದಲಾಗಿ ಹ್ಞೂಂ ಕೇಳಿಸುವುದಿಲ್ಲ.